ಜಾಲದ ಪೆಟ್ಟಿಗೆಯಲ್ಲಿಟ್ಟ ಚಿತ್ರಗಳು: ತೊಡಕುಗಳೂ ಪರಿಹಾರಗಳೂ

(ಅಂತಿಮ ಬಿ. ಎ. ತರಗತಿಯ ವಿದ್ಯಾರ್ಥಿಯೊಬ್ಬನಿಂದ)

ನಮ್ಮ ಮನೆಯ ಗದ್ದೆಗೆ ನೀರು ಬರುವುದು ಹೇಮಗಿರಿಯ ನಾಲೆಯಿಂದ. ಹೇಮಾವತಿಗೆ ಅಡ್ಡಲಾಗಿ ಕಟ್ಟಿರುವ ಅಣೆಯ ಬಳಿ ಹೊರಟ ನೀರು ನಾಲೆಯಲ್ಲಿ ಹರಿದು, ತೂಬನ್ನು ದಾಟಿ, ಕಾಲುವೆಯ ಮೂಲಕ ಗದ್ದೆಯ ಬಾಯಿಗೆ ಬರಬೇಕು. ನೀರು ಬಾರದ ದಿನ ನಮ್ಮ ತಂದೆಯವರು ಗುದ್ದಲಿಯನ್ನು ಹೆಗಲ ಮೇಲಿಟ್ಟುಕೊಂಡು ಕಾಲುವೆಯ ಏರಿಯ ಮೇಲೆ ಮೇಲ್ಮುಖವಾಗಿ ನಡೆದು ಹೋಗುವರು. ಎಲ್ಲಿಯವರೆಗೆ ನೀರು ಬಂದಿದೆ, ಎಲ್ಲಿಂದ ಈಚೆಗೆ ಬಂದಿಲ್ಲ ಎಂಬುದನ್ನು ಕಣ್ಣಾರೆ ಕಂಡ ಮೇಲೆಯೇ ಗುದ್ದಲಿಯನ್ನು ಕೆಳಗಿಳಿಸುವರು.

ಕಂಪ್ಯೂಟರಿನ ವಿಷಯವನ್ನು ಬರೆಯಹೊರಟವನು ನಾಲೆಯ ಮಾತನ್ನೇಕೆ ಎತ್ತಿದನೆಂದು ವಾಚಕರು ಕೇಳಬಹುದು. ಕಳೆದ ವರ್ಷ ನಮ್ಮ ಚಿತ್ರಸಂಗ್ರಹಕ್ಕೆ ತೊಂದರೆಯೊದಗಿದಾಗ ನಾನು ಈ ನಡಿಗೆಯನ್ನು ಮರೆತು ಮೊದಲೇ ಗುದ್ದಲಿಯನ್ನು ಬೀಸಿದೆನು. ಅದರಿಂದ ಆದ ನಷ್ಟ ಇನ್ನೂ ಪೂರ್ತಿಯಾಗಿ ತುಂಬಿಲ್ಲ. ಇಂತಹ ಸಂಗ್ರಹಗಳನ್ನು ಇನ್ನು ಮುಂದೆ ನಡೆಸುವ ಸಹಪಾಠಿಗಳಿಗೆ ನನ್ನ ತಪ್ಪು ಪಾಠವಾಗಲೆಂಬ ಆಸೆಯಿಂದ ಈ ಲೇಖನವನ್ನು ಬರೆದಿದ್ದೇನೆ.

ಸಂಗ್ರಹದ ಪರಿಚಯ

ನಾವು ಕೆಲವರು ವಿದ್ಯಾರ್ಥಿಗಳು ಎರಡು ವರ್ಷಗಳ ಕಾಲ ರಜಾದಿನಗಳಲ್ಲಿ ಕೃಷ್ಣರಾಜಪೇಟೆ, ನಾಗಮಂಗಲ, ಪಾಂಡವಪುರ, ಶ್ರೀರಂಗಪಟ್ಟಣ ಈ ನಾಲ್ಕು ತಾಲ್ಲೂಕುಗಳಲ್ಲಿ ತಿರುಗಿ ಚಿತ್ರಗಳನ್ನು ತೆಗೆದೆವು. ಹೊಸಹೊಳಲಿನ ಲಕ್ಷ್ಮೀನಾರಾಯಣ, ಕಿಕ್ಕೇರಿಯ ಬ್ರಹ್ಮೇಶ್ವರ, ಗೋವಿಂದನಹಳ್ಳಿಯ ಪಂಚಲಿಂಗೇಶ್ವರ, ಕಂಬದಹಳ್ಳಿಯ ಪಂಚಕೂಟ ಬಸದಿ ಮುಂತಾದ ಪ್ರಸಿದ್ಧ ಸ್ಥಳಗಳು ಅದರಲ್ಲಿದ್ದವು. ಹೇಮಗಿರಿಯ ಜಾತ್ರೆಯ ದನಗಳೂ ತೆಪ್ಪೋತ್ಸವವೂ ಇದ್ದವು. ಆದರೆ ನಮ್ಮ ಮಟ್ಟಿಗೆ ಬೆಲೆಯುಳ್ಳವು ಇವಲ್ಲ. ಹೊಲದ ಬದುಗಳಲ್ಲಿ, ಕೆರೆಯ ಏರಿಗಳಲ್ಲಿ, ಹುಣಿಸೆಯ ಮರದಡಿಯಲ್ಲಿ ನಿಂತಿರುವ, ಬಿದ್ದಿರುವ ವೀರಗಲ್ಲುಗಳೂ ಮಾಸ್ತಿಕಲ್ಲುಗಳೂ ನಮಗೆ ಮುಖ್ಯ. ಹೊಸಹೊಳಲಿನ ಗುಡಿಯ ಚಿತ್ರವನ್ನು ಯಾರು ನೋಡಿದರೂ ಗುರುತಿಸಿಯಾರು. ಹೊಲದ ಬದುವಿನ ಕಲ್ಲಾದರೋ, ಪಕ್ಕದಲ್ಲಿ ನಾಲ್ಕು ಮಾತು ಬರೆದಿಡದಿದ್ದರೆ ಯಾವ ಊರಿನದೆಂಬುದು ತೆಗೆದವನಿಗೇ ಆರು ತಿಂಗಳಲ್ಲಿ ಮರೆತುಹೋಗುತ್ತದೆ.

ಆದುದರಿಂದ ಒಂದೊಂದು ಚಿತ್ರಕ್ಕೂ ಊರು, ಹೊಲ, ಕಲ್ಲಿನ ಬಗ್ಗೆ ಆ ಊರಿನವರು ಹೇಳಿದ ಮಾತು ಇವನ್ನು ಚಿತ್ರಗಳ ನಿರ್ವಹಣೆಗಾಗಿಯೇ ಇರುವ ಒಂದು ಸಾಫ್ಟ್‌ವೇರಿನಲ್ಲಿ ಬರೆದಿಟ್ಟೆವು. ಸುಮಾರು ೩೦೦೦ ಚಿತ್ರಗಳು ಆದವು. ಎಲ್ಲರ ಕೈಗೂ ಸಿಗಲೆಂದು ಅವನ್ನು ಒಂದು ನೆಟ್‌ವರ್ಕ್ ಡ್ರೈವಿನಲ್ಲಿ, ಅಂದರೆ ತಂತಿಯ ಮೂಲಕವೋ ವೈಫೈ ಮೂಲಕವೋ ಹಲವು ಕಂಪ್ಯೂಟರುಗಳಿಗೆ ಸೇರಿಕೊಂಡಿರುವ ಒಂದು ಶೇಖರಣೆಯ ಪೆಟ್ಟಿಗೆಯಲ್ಲಿ, ಇರಿಸಿದೆವು.

ಮೂರು ಅಂಗಗಳು

ಇಂತಹ ವ್ಯವಸ್ಥೆಯಲ್ಲಿ ಮೂರು ಅಂಗಗಳಿವೆ. ಮೊದಲನೆಯದು ಚಿತ್ರ, ಅದು ಪೆಟ್ಟಿಗೆಯಲ್ಲಿದೆ. ಎರಡನೆಯದು ಸಾಫ್ಟ್‌ವೇರು ಇಟ್ಟುಕೊಳ್ಳುವ ದಾಖಲೆಯ ಪುಸ್ತಕ. ಇದಕ್ಕೆ ಕ್ಯಾಟಲಾಗ್ ಎಂದೂ ಡೇಟಾಬೇಸ್ ಎಂದೂ ಹೆಸರು. ಮೂರನೆಯದು ಇವೆರಡರ ನಡುವಿನ ದಾರಿ, ಅದೇ ನೆಟ್‌ವರ್ಕು. ನಾವು ಬರೆಯುವ ವಿವರಣೆ ಚಿತ್ರದ ಮೇಲೆ ಬರೆದಂತೆ ಕಂಡರೂ ಸಾಮಾನ್ಯವಾಗಿ ಹೋಗಿ ಸೇರುವುದು ಪುಸ್ತಕವನ್ನು. ಪುಸ್ತಕದಲ್ಲಿ ಚಿತ್ರವಿರುವುದಿಲ್ಲ, ಚಿತ್ರದ ವಿಳಾಸ ಮಾತ್ರ ಇರುತ್ತದೆ. ಚಿತ್ರಗಳನ್ನು ತೆರೆದೊಡನೆ ಸಾಲುಸಾಲಾಗಿ ಕಾಣುವ ಸಣ್ಣ ಪ್ರತಿಗಳೂ ಮೂಲಚಿತ್ರಗಳಲ್ಲ. ಅವು ಸಾಫ್ಟ್‌ವೇರು ತನ್ನ ಅನುಕೂಲಕ್ಕೆ ಮಾಡಿಟ್ಟುಕೊಂಡ ನೆರಳುಗಳು. ಇದರಿಂದಲೇ ಮೂಲವು ಸಿಗದಿದ್ದಾಗಲೂ ಸಣ್ಣ ಪ್ರತಿ ಕಾಣುತ್ತಿರುವುದುಂಟು.

ಈ ಮೂರರಲ್ಲಿ ಯಾವುದು ಕೆಟ್ಟರೂ ಪರದೆಯ ಮೇಲೆ ಬರುವ ಸೂಚನೆ ಹೆಚ್ಚುಕಡಿಮೆ ಒಂದೇ: ಚಿತ್ರ ಕಾಣೆಯಾಗಿದೆ. ನೋಡುವವನಿಗೆ ಎದೆ ಧಸಕ್ಕೆನ್ನುತ್ತದೆ. ಬಹುಮಟ್ಟಿಗೆ ಚಿತ್ರಕ್ಕೆ ಏನೂ ಆಗಿರುವುದಿಲ್ಲ; ದಾರಿ ತಪ್ಪಿರುತ್ತದೆ, ಅಷ್ಟೆ. ಈ ಭೇದವನ್ನು ತಿಳಿಯದೆ ಕೈಹಾಕುವುದೇ ಮುಖ್ಯವಾದ ಅಪಾಯ.

ವಿಳಾಸ ಬದಲಾದಾಗ

ವಿಂಡೋಸ್ ಕಂಪ್ಯೂಟರಿನಲ್ಲಿ ಜಾಲದ ಪೆಟ್ಟಿಗೆಗೆ ಒಂದು ಅಕ್ಷರವನ್ನು ಕೊಡುವ ರೂಢಿಯಿದೆ. ಒಂದು ಕಂಪ್ಯೂಟರಿನಲ್ಲಿ ಝಡ್ ಎಂದು ಕೊಟ್ಟಿದ್ದು, ಇನ್ನೊಂದರಲ್ಲಿ ವೈ ಎಂದು ಕೊಟ್ಟಿದ್ದರೆ, ಮೊದಲನೆಯದರ ಪುಸ್ತಕವನ್ನು ಎರಡನೆಯದರಲ್ಲಿ ತೆರೆದಾಗ ಎಲ್ಲ ಚಿತ್ರಗಳೂ ಕಾಣೆ. ಪೆಟ್ಟಿಗೆಗೆ ರೂಟರು ತಾನಾಗಿ ಒಂದು ಸಂಖ್ಯೆಯ ವಿಳಾಸವನ್ನು ಕೊಡುವುದುಂಟು. ವಿದ್ಯುತ್ತು ಹೋಗಿ ಬಂದ ಮೇಲೆ ಆ ಸಂಖ್ಯೆ ಬದಲಾದರೂ ಇದೇ ಗತಿ. ಕಂಪ್ಯೂಟರು ಎದ್ದೊಡನೆ ಜಾಲವಿನ್ನೂ ಸೇರುವ ಮೊದಲೇ ಸಾಫ್ಟ್‌ವೇರನ್ನು ತೆರೆದರೂ ಇದೇ ಗತಿ.

ನಮ್ಮ ಇತಿಹಾಸದ ವಿದ್ಯಾರ್ಥಿಗಳಿಗೆ ಇದು ಹೊಸ ಸಂಗತಿಯಲ್ಲ. ಬಿ. ಎಲ್. ರೈಸರ ಎಪಿಗ್ರಾಫಿಯಾ ಕರ್ನಾಟಿಕಾದ ನಾಲ್ಕನೆಯ ಸಂಪುಟವು ೧೮೯೮ರಲ್ಲಿ ಪ್ರಕಟವಾಯಿತು. ಕೃಷ್ಣರಾಜಪೇಟೆ, ನಾಗಮಂಗಲ ತಾಲ್ಲೂಕುಗಳ ಶಾಸನಗಳು ಅದರಲ್ಲಿ ಮೈಸೂರು ಜಿಲ್ಲೆಯ ಶಾಸನಗಳಾಗಿ ಸೇರಿವೆ. ೧೯೩೯ರಲ್ಲಿ ಮಂಡ್ಯ ಜಿಲ್ಲೆ ಪ್ರತ್ಯೇಕವಾಯಿತು. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆಯವರು ಪರಿಷ್ಕರಿಸಿ ಪ್ರಕಟಿಸಿದಾಗ, ಕೃಷ್ಣರಾಜಪೇಟೆ, ಪಾಂಡವಪುರ, ಶ್ರೀರಂಗಪಟ್ಟಣಗಳ ಶಾಸನಗಳು ಆರನೆಯ ಸಂಪುಟಕ್ಕೂ (೧೯೭೭), ನಾಗಮಂಗಲದವು ಏಳನೆಯ ಸಂಪುಟಕ್ಕೂ (೧೯೭೯) ಬಂದವು. ಅತ್ತಿಕುಪ್ಪೆಯು ಕೃಷ್ಣರಾಜಪೇಟೆಯಾದದ್ದೂ, ಹಿರೋಡೆಯು ಫ್ರೆಂಚ್ ರಾಕ್ಸ್ ಆಗಿ ಅನಂತರ ಪಾಂಡವಪುರವಾದದ್ದೂ ಎಲ್ಲರಿಗೂ ತಿಳಿದದ್ದೇ. ಸಂಪುಟ ಬೇರೆ, ಜಿಲ್ಲೆ ಬೇರೆ, ಊರಿನ ಹೆಸರೂ ಬೇರೆ. ಆದರೆ ಕಲ್ಲು ಮಾತ್ರ ನಿಂತಲ್ಲಿಯೇ ನಿಂತಿದೆ. ಹಳೆಯ ವಿಳಾಸವನ್ನು ಹಿಡಿದು ಹೊಸ ಸಂಪುಟದಲ್ಲಿ ಹುಡುಕಿ, ಸಿಗಲಿಲ್ಲವೆಂದು ಶಾಸನವೇ ನಾಶವಾಯಿತೆನ್ನುವ ವಿದ್ಯಾರ್ಥಿಯನ್ನು ನಮ್ಮ ಅಧ್ಯಾಪಕರು ಏನೆಂದಾರು?

ಪರಿಹಾರವಿಷ್ಟು. ಸಾಫ್ಟ್‌ವೇರನ್ನು ಮುಚ್ಚಿ, ಮೊದಲು ಕಂಪ್ಯೂಟರಿನ ಸಾಮಾನ್ಯ ಫೋಲ್ಡರಿನ ಕಿಟಕಿಯಲ್ಲಿ ಪೆಟ್ಟಿಗೆಯನ್ನು ತೆರೆದು ನೋಡಬೇಕು. ಅಲ್ಲಿ ಚಿತ್ರ ತೆರೆದರೆ ಚಿತ್ರವೂ ದಾರಿಯೂ ಸರಿಯಾಗಿವೆ, ಪುಸ್ತಕದಲ್ಲಿರುವ ವಿಳಾಸ ಮಾತ್ರ ಹಳೆಯದೆಂದು ತಿಳಿಯಬೇಕು. ಅಲ್ಲಿಯೂ ತೆರೆಯದಿದ್ದರೆ ಸಾಫ್ಟ್‌ವೇರನ್ನು ದೂರಿ ಫಲವಿಲ್ಲ. ತಂತಿ, ರೂಟರು, ಪೆಟ್ಟಿಗೆ ಎಂದು ಒಂದೊಂದಾಗಿ ಹಿಂದಕ್ಕೆ ನಡೆಯಬೇಕು. ವಿಳಾಸ ಹಳೆಯದಾಗಿದ್ದರೆ ಹೊಸದನ್ನು ತಿಳಿಸಿಕೊಡುವ ಸೌಕರ್ಯ ಒಳ್ಳೆಯ ಸಾಫ್ಟ್‌ವೇರುಗಳಲ್ಲೆಲ್ಲ ಇದೆ. ಲೈಟ್‌ರೂಮ್ ಕ್ಲಾಸಿಕ್ಕಿನಲ್ಲಿ ಕಾಣೆಯಾದ ಫೋಲ್ಡರಿನ ಹೆಸರಿನ ಮೇಲೆ ಬಲಗುಂಡಿಯನ್ನೊತ್ತಿ ಅದು ಈಗ ಇರುವ ಸ್ಥಳವನ್ನು ತೋರಿಸಬಹುದು. ಯಾರೂ ಹಣಕೊಡದೆ ಬಳಸಬಹುದಾದ ಡಿಜಿಕ್ಯಾಮ್‌ನಲ್ಲಿ ಸಂಗ್ರಹವನ್ನು ಸೇರಿಸುವಾಗಲೇ ಅದು ಕಂಪ್ಯೂಟರಿನೊಳಗಿನದೋ, ಕಳಚಿ ಒಯ್ಯುವ ಡಿಸ್ಕಿನದೋ, ಜಾಲದ್ದೋ ಎಂದು ಮೂರು ಬಗೆಯಾಗಿ ಹೇಳಬೇಕು. ಜಾಲದ್ದನ್ನು ಜಾಲದ್ದೆಂದೇ ಹೇಳತಕ್ಕದ್ದು. ಪೆಟ್ಟಿಗೆಗೆ ರೂಟರಿನಲ್ಲಿ ಒಂದು ಸಂಖ್ಯೆಯನ್ನು ಶಾಶ್ವತವಾಗಿ ಮೀಸಲಿಟ್ಟು, ಎಲ್ಲ ಕಂಪ್ಯೂಟರುಗಳಲ್ಲಿಯೂ ಒಂದೇ ಅಕ್ಷರವನ್ನು ಕೊಟ್ಟರೆ ಈ ತೊಂದರೆಯ ಬಹುಪಾಲು ಬಾರದು.

ಬರಿದಾದ ಫೋಲ್ಡರು

ಈಗ ನನ್ನ ತಪ್ಪಿನ ಮಾತು. ಒಂದು ಸೋಮವಾರ ಬೆಳಿಗ್ಗೆ ಸಾಫ್ಟ್‌ವೇರನ್ನು ತೆರೆದಾಗ ಮೂರು ಸಾವಿರ ಚಿತ್ರಗಳ ಮೇಲೂ ಪ್ರಶ್ನಾರ್ಥಕ ಚಿಹ್ನೆಗಳಿದ್ದವು. ಹಿಂದಿನ ಎರಡು ದಿನ ವಿದ್ಯುತ್ತು ಹೋಗಿ ಬರುತ್ತಿತ್ತು. ಕಾಣದ ಚಿತ್ರಗಳನ್ನು ಪಟ್ಟಿಯಿಂದ ತೆಗೆದುಹಾಕಲೇ ಎಂದು ಸಾಫ್ಟ್‌ವೇರು ಕೇಳಿತು. ತೆಗೆದುಹಾಕಿ ಮತ್ತೆ ಸೇರಿಸಿದರೆ ಸರಿಹೋದೀತೆಂದು ನಾನು ಒಪ್ಪಿಗೆಯನ್ನೊತ್ತಿದೆನು. ಮಧ್ಯಾಹ್ನ ಪೆಟ್ಟಿಗೆಯ ತಂತಿಯನ್ನು ಸರಿಯಾಗಿ ಸಿಕ್ಕಿಸಿದೊಡನೆ ಚಿತ್ರಗಳೆಲ್ಲ ಬಂದವು. ಒಂದೂ ಕಳೆದಿರಲಿಲ್ಲ. ಆದರೆ ಎರಡು ವರ್ಷ ಬರೆದ ವಿವರಣೆಗಳು ಪುಸ್ತಕದೊಡನೆಯೇ ಹೋಗಿದ್ದವು. ನಾನು ಅಳಿಸಿದ್ದು ಚಿತ್ರಗಳನ್ನಲ್ಲ, ಚಿತ್ರಗಳ ನೆನಪನ್ನು.

ಪುಸ್ತಕದ ಪ್ರತಿಯೊಂದನ್ನು ಬೇರೆ ಇಟ್ಟಿದ್ದರೆ ಐದು ನಿಮಿಷದ ಕೆಲಸ. ಇಟ್ಟಿರಲಿಲ್ಲ. ಚಿತ್ರಗಳಿಗೆ ಎರಡು ಪ್ರತಿಗಳಿದ್ದವು. ಪುಸ್ತಕವೆಂಬುದೊಂದಿದೆಯೆಂದೇ ನಮಗೆ ಆಗ ಸರಿಯಾಗಿ ತಿಳಿದಿರಲಿಲ್ಲ.

ಲಿನಕ್ಸ್ ಕಂಪ್ಯೂಟರುಗಳಲ್ಲಿ ಇದೇ ಅಪಾಯ ಇನ್ನೊಂದು ರೂಪದಲ್ಲಿದೆ. ಅಲ್ಲಿ ಜಾಲದ ಪೆಟ್ಟಿಗೆಯನ್ನು ಒಂದು ಖಾಲಿ ಫೋಲ್ಡರಿನ ಮೇಲೆ ಕೂರಿಸುವರು. ಪೆಟ್ಟಿಗೆ ಸೇರಿಕೊಳ್ಳದಿದ್ದಾಗ ಫೋಲ್ಡರೇನೋ ಇರುತ್ತದೆ, ಒಳಗೆ ಏನೂ ಇರುವುದಿಲ್ಲ. ಎಚ್ಚರಿಕೆಯಿಲ್ಲದ ಸಾಫ್ಟ್‌ವೇರು ಇದನ್ನು ನೋಡಿ, ಯಜಮಾನನು ಚಿತ್ರಗಳನ್ನೆಲ್ಲ ಅಳಿಸಿರುವನೆಂದು ತಿಳಿದು ತನ್ನ ಪುಸ್ತಕವನ್ನೂ ಅಳಿಸಿಕೊಳ್ಳಬಹುದು. ಆದುದರಿಂದ ತೆರೆದೊಡನೆ ತಾನಾಗಿ ಹುಡುಕುವ ಏರ್ಪಾಡನ್ನು ಜಾಲದ ಸಂಗ್ರಹಗಳಿಗೆ ನಿಲ್ಲಿಸಿಟ್ಟು, ಪೆಟ್ಟಿಗೆ ಬಂದಿದೆಯೆಂದು ಖಚಿತವಾದ ಮೇಲೆ ನಾವೇ ಆಜ್ಞೆ ಕೊಡುವುದು ಕ್ಷೇಮ.

ಪುಸ್ತಕವನ್ನು ಎಲ್ಲಿಡಬೇಕು?

ಚಿತ್ರಗಳು ಜಾಲದಲ್ಲಿರುವಾಗ ಪುಸ್ತಕವೂ ಅಲ್ಲಿಯೇ ಇರಲೆಂದು ತೋರುವುದು ಸಹಜ. ಇದು ಸರಿಯಲ್ಲ. ಡಿಜಿಕ್ಯಾಮ್ ಮುಂತಾದವುಗಳ ಪುಸ್ತಕವು ಸಾಮಾನ್ಯವಾಗಿ ಎಸ್‌ಕ್ಯೂಲೈಟ್ ಎಂಬ ಪದ್ಧತಿಯಲ್ಲಿ ಒಂದೇ ಫೈಲಾಗಿ ಇರುತ್ತದೆ. ಬರೆಯುವಾಗ ಬೇರೆಯವರು ಕೈಹಾಕದಂತೆ ಅದು ಫೈಲಿಗೆ ಬೀಗ ಹಾಕಿಕೊಳ್ಳುತ್ತದೆ. ಈ ಬೀಗವು ಸ್ವಂತ ಡಿಸ್ಕಿನಲ್ಲಿ ಚೆನ್ನಾಗಿ ನಡೆದರೂ ಹಲವು ಜಾಲಗಳಲ್ಲಿ ನಂಬುವಂತಿಲ್ಲವೆಂದು ಎಸ್‌ಕ್ಯೂಲೈಟನ್ನು ಮಾಡಿದವರೇ ಎಚ್ಚರಿಸಿದ್ದಾರೆ. ಇಬ್ಬರು ಒಂದೇ ಗಳಿಗೆಯಲ್ಲಿ ಬರೆದರೆ ಪುಸ್ತಕದ ಹಾಳೆಗಳು ಕಲಸಿಹೋಗಬಹುದು. ಲೈಟ್‌ರೂಮ್ ಕ್ಲಾಸಿಕ್ ಅಂತೂ ಜಾಲದ ಮೇಲಿರುವ ಕ್ಯಾಟಲಾಗನ್ನು ತೆರೆಯಲೇ ಒಪ್ಪುವುದಿಲ್ಲ. ಚಿತ್ರಗಳು ಮಾತ್ರ ಜಾಲದಲ್ಲಿರಬಹುದು.

ಆದುದರಿಂದ ಚಿತ್ರ ಪೆಟ್ಟಿಗೆಯಲ್ಲಿ, ಪುಸ್ತಕ ಸ್ವಂತ ಕಂಪ್ಯೂಟರಿನಲ್ಲಿ, ಪುಸ್ತಕದ ಪ್ರತಿ ಮಾತ್ರ ವಾರಕ್ಕೊಮ್ಮೆ ಪೆಟ್ಟಿಗೆಯಲ್ಲಿ, ಇದು ನಿಯಮ. ಪ್ರತಿಯನ್ನು ಸಾಫ್ಟ್‌ವೇರು ಮುಚ್ಚಿರುವಾಗ ತೆಗೆಯಬೇಕೆಂಬುದನ್ನು ಮರೆಯಬಾರದು. ಹಲವರು ಏಕಕಾಲದಲ್ಲಿ ಬರೆಯಲೇಬೇಕಾದರೆ ಅದಕ್ಕೆಂದೇ ಇರುವ ಮರಿಯಾಡಿಬಿಯಂತಹ ಡೇಟಾಬೇಸನ್ನು ನಡೆಸಬೇಕು. ಡಿಜಿಕ್ಯಾಮ್ ಅದರೊಡನೆಯೂ ಕೆಲಸ ಮಾಡುತ್ತದೆ. ನಮ್ಮಂತಹ ಸಣ್ಣ ಗುಂಪಿಗೆ ಒಬ್ಬರು ಬರೆಯುವುದು, ಉಳಿದವರು ಹೇಳುವುದು ಎಂಬ ಏರ್ಪಾಡೇ ಸಾಕು.

ನಿಧಾನಗತಿ

ಚಿತ್ರಗಳು ತೆರೆಯಲು ಬಹಳ ಹೊತ್ತು ಹಿಡಿಯುವುದೆಂಬುದು ಇನ್ನೊಂದು ದೂರು. ಇದರಲ್ಲಿ ರಹಸ್ಯವೇನೂ ಇಲ್ಲ, ಬರಿಯ ಲೆಕ್ಕ. ಒಂದು ಚಿತ್ರ ೫ ಮೆಗಾಬೈಟಾದರೆ ೩೦೦೦ ಚಿತ್ರಗಳು ೧೫,೦೦೦ ಮೆಗಾಬೈಟು. ಸೆಕೆಂಡಿಗೆ ೧೦೦ ಮೆಗಾಬಿಟ್ ಸಾಗಿಸುವ ಹಳೆಯ ಜಾಲವು, ಎಂಟು ಬಿಟ್ಟಿಗೆ ಒಂದು ಬೈಟಿನಂತೆ, ಹೆಚ್ಚೆಂದರೆ ೧೨.೫ ಮೆಗಾಬೈಟನ್ನು ತರಬಲ್ಲುದು. ಎಲ್ಲ ಚಿತ್ರಗಳನ್ನೂ ಒಮ್ಮೆ ಓದಲು ೧೨೦೦ ಸೆಕೆಂಡು, ಅಂದರೆ ೨೦ ನಿಮಿಷವಾದರೂ ಬೇಕು. ೧೦೦೦ ಮೆಗಾಬಿಟ್ಟಿನ ಜಾಲವಾದರೆ ಲೆಕ್ಕಕ್ಕೆ ಎರಡೇ ನಿಮಿಷ. ಪೆಟ್ಟಿಗೆ, ರೂಟರು, ತಂತಿ, ಕಂಪ್ಯೂಟರು ಇವುಗಳಲ್ಲಿ ಒಂದು ಹಳೆಯದಾಗಿದ್ದರೂ ಇಡೀ ದಾರಿ ಹಳೆಯದಾಗುತ್ತದೆ. ನಾಲೆ ಎಷ್ಟು ಅಗಲವಿದ್ದರೇನು, ತೂಬು ಕಿರಿದಾಗಿದ್ದರೆ? ಮೊದಲ ಸಲ ಸಣ್ಣ ಪ್ರತಿಗಳನ್ನು ಮಾಡುವಾಗ ವೈಫೈಯನ್ನು ಬಿಟ್ಟು ತಂತಿಯಲ್ಲಿ ಸೇರಿಸಿ, ಒಂದು ರಾತ್ರಿ ಹಾಗೆಯೇ ಬಿಟ್ಟರೆ ಮರುದಿನದಿಂದ ಕೆಲಸ ಹಗುರ.

ಹೆಸರಿನ ತೊಡಕು

ನಮ್ಮನ್ನು ಎಲ್ಲಕ್ಕಿಂತ ಹೆಚ್ಚಾಗಿ ಕಾಡಿದ್ದು, ಕನ್ನಡದಲ್ಲಿ ಹೆಸರಿಡುವವರೆಲ್ಲರೂ ತಿಳಿಯತಕ್ಕದ್ದು, ಈ ತೊಡಕು. ಗೆಳೆಯನೊಬ್ಬನು ಬೇರೆ ಬಗೆಯ ಕಂಪ್ಯೂಟರಿನಲ್ಲಿ ಕಟ್ಟಿ ಕಳುಹಿಸಿದ ಜಿಪ್ ಫೈಲನ್ನು ಬಿಚ್ಚಿದಾಗ ಪೆಟ್ಟಿಗೆಯಲ್ಲಿ "ಹೇಮಗಿರಿ" ಎಂಬ ಎರಡು ಫೋಲ್ಡರುಗಳು ಕಾಣಿಸಿಕೊಂಡವು. ಒಂದೇ ಸ್ಥಳದಲ್ಲಿ ಒಂದೇ ಹೆಸರಿನ ಎರಡು ಫೋಲ್ಡರುಗಳಿರಲು ಸಾಧ್ಯವಿಲ್ಲವಷ್ಟೆ. ಕಣ್ಣಿಗೆ ಅಕ್ಷರಕ್ಷರವೂ ಒಂದೇ. ಸಾಫ್ಟ್‌ವೇರು ಮಾತ್ರ ಒಂದರಲ್ಲಿರುವುದನ್ನು ಇನ್ನೊಂದರಲ್ಲಿ ಹುಡುಕಿ ಇಲ್ಲವೆನ್ನುತ್ತಿತ್ತು.

ಕಾರಣ ಪ್ರಾಥಮಿಕ ಶಾಲೆಯ ಕಾಗುಣಿತದಲ್ಲಿದೆ. "ಹೇ" ಎಂಬುದನ್ನು ಯುನಿಕೋಡಿನಲ್ಲಿ ಎರಡು ರೀತಿಯಾಗಿ ಬರೆಯಬಹುದು: ಹಕಾರಕ್ಕೆ ಏತ್ವವೆಂಬ ಒಂದೇ ಸಂಕೇತ, ಅಥವಾ ಹಕಾರಕ್ಕೆ ಎತ್ವವೊಂದು, ದೀರ್ಘವೊಂದು ಎಂದು ಎರಡು ಸಂಕೇತ. "ಹೊಸಹೊಳಲು" ಎಂಬಲ್ಲಿ ಹೊಕಾರವನ್ನು ಒತ್ವವಾಗಿಯೂ ಬರೆಯಬಹುದು, ಎತ್ವ ಮತ್ತು ಕೊಂಬಿನಿಳಿಯಾಗಿ ಬಿಡಿಸಿಯೂ ಬರೆಯಬಹುದು. "ಮೇಲುಕೋಟೆ"ಯ ಕೋಕಾರವಂತೂ ಎತ್ವ, ಕೊಂಬಿನಿಳಿ, ದೀರ್ಘ ಎಂದು ಮೂರಾಗಿ ಒಡೆಯುತ್ತದೆ. ಕೆಲವು ಕಂಪ್ಯೂಟರುಗಳು ಫೈಲಿನ ಹೆಸರನ್ನು ಕೂಡಿಸಿಟ್ಟುಕೊಳ್ಳುತ್ತವೆ, ಕೆಲವು ಬಿಡಿಸಿಟ್ಟುಕೊಳ್ಳುತ್ತವೆ. ಎರಡೂ ಶಾಸ್ತ್ರಸಮ್ಮತವೇ. ಆದರೆ ಸಂಕೇತಗಳನ್ನು ಮಾತ್ರ ಹೋಲಿಸುವ ಪೆಟ್ಟಿಗೆಗೆ ಇವು ಎರಡು ಬೇರೆ ಹೆಸರುಗಳು. ಕಿಕ್ಕೇರಿ, ಗೋವಿಂದನಹಳ್ಳಿ, ಹೊಸಹೊಳಲು, ಮೇಲುಕೋಟೆ ಎಲ್ಲವೂ ಇಮ್ಮಡಿಯಾದವು. ಕಂಬದಹಳ್ಳಿ, ನಾಗಮಂಗಲಗಳಿಗೆ ಏನೂ ಆಗಲಿಲ್ಲ. ಈ ವ್ಯತ್ಯಾಸವನ್ನು ಗಮನಿಸಿದಾಗಲೇ ನಮಗೆ ಕಾರಣದ ಸುಳಿವು ಸಿಕ್ಕಿದ್ದು.

ಹೊಸ ಹೆಸರಿನ ಮೂರನೆಯ ಫೋಲ್ಡರೊಂದನ್ನು ಮಾಡಿ ಎರಡರಲ್ಲಿದ್ದುದನ್ನೂ ಅದಕ್ಕೆ ಸಾಗಿಸಿದೆವು. ಅಂದಿನಿಂದ ಫೋಲ್ಡರು, ಫೈಲುಗಳಿಗೆ ಸಣ್ಣ ಇಂಗ್ಲಿಷ್ ಅಕ್ಷರಗಳಲ್ಲಿಯೂ ಅಂಕೆಗಳಲ್ಲಿಯೂ ಮಾತ್ರ ಹೆಸರಿಡುತ್ತೇವೆ. ಏಕೆಂದರೆ ದೊಡ್ಡಕ್ಷರ ಸಣ್ಣಕ್ಷರಗಳನ್ನೂ ಲಿನಕ್ಸ್ ಬೇರೆಯೆಂದು ಎಣಿಸಿದರೆ ವಿಂಡೋಸ್ ಸಾಮಾನ್ಯವಾಗಿ ಒಂದೆಂದು ಎಣಿಸುತ್ತದೆ. ಕನ್ನಡವನ್ನು ಕೈಬಿಟ್ಟೆವೆಂದು ಯಾರೂ ಆಕ್ಷೇಪಿಸಬಾರದು. ಫೈಲಿನ ಹೆಸರು ಕೇವಲ ಅಂಕಿತ. ಕನ್ನಡಕ್ಕೆ ಯೋಗ್ಯವಾದ ಸ್ಥಳ ವಿವರಣೆ, ಅದೆಲ್ಲ ಕನ್ನಡದಲ್ಲಿಯೇ ಇದೆ.

ಚಿತ್ರದೊಳಗೇ ಬರೆಯುವುದು

ಕೃಷ್ಣರಾಜಸಾಗರದ ನೀರಿನಲ್ಲಿ ಮುಳುಗಿದ್ದ ಕನ್ನಂಬಾಡಿಯ ವೇಣುಗೋಪಾಲಸ್ವಾಮಿಯ ಗುಡಿಯನ್ನು ಬಿಚ್ಚಿ, ಪಾಂಡವಪುರ ತಾಲ್ಲೂಕಿನ ಹೊಸ ಕನ್ನಂಬಾಡಿಯಲ್ಲಿ ಮತ್ತೆ ಕಟ್ಟಿದ್ದಾರೆ. ಅದನ್ನು ನೋಡಲು ಹೋದಾಗ ನನಗೆ ಹೊಳೆದ ಮಾತಿದು: ಬಿಚ್ಚಿದ ಗುಡಿಯನ್ನು ಕೂಡಿಸಬೇಕಾದರೆ ಕಲ್ಲಿನ ಗುರುತು ಕಲ್ಲಿನ ಮೇಲೆಯೇ ಇರಬೇಕು. ಗುರುತು ಬೇರೊಂದು ಹಾಳೆಯಲ್ಲಿ ಮಾತ್ರ ಇದ್ದು ಆ ಹಾಳೆ ಕಳೆದರೆ ಉಳಿಯುವುದು ಬರಿಯ ಕಲ್ಲಿನ ರಾಶಿ.

ಚಿತ್ರಕ್ಕೂ ಇದು ಸಲ್ಲುತ್ತದೆ. ಚಿತ್ರದ ಫೈಲಿನೊಳಗೇ ವಿವರಣೆಯನ್ನು ಸೇರಿಸುವ ಪದ್ಧತಿಯಿದೆ. ಕ್ಯಾಮೆರಾ ತಾನಾಗಿ ಬರೆಯುವ ದಿನಾಂಕ ಮೊದಲಾದವುಗಳಿಗೆ ಎಕ್ಸಿಫ್ ಎಂದು ಹೆಸರು. ಸ್ಥಳ, ವಿಷಯ, ವಿವರಣೆಗಳಿಗೆ ಐಪಿಟಿಸಿ ಎಂಬ ಕ್ರಮವಿದೆ. ಇದು ೧೯೬೫ರಲ್ಲಿ ಸ್ಥಾಪಿತವಾದ, ವಾರ್ತಾಸಂಸ್ಥೆಗಳ ಒಂದು ಮಂಡಳಿಯ ಏರ್ಪಾಡು. ಇವನ್ನು ಇಂದು ಎಕ್ಸ್‌ಎಂಪಿ ಎಂಬ ರೂಪದಲ್ಲಿ ಚಿತ್ರದೊಳಗೆ, ಅಥವಾ ಚಿತ್ರದ ಪಕ್ಕದಲ್ಲಿ ಅದೇ ಹೆಸರಿನ ಸಣ್ಣ ಫೈಲಿನಲ್ಲಿ, ಬರೆಯಬಹುದು. ಹಲವು ಸಾಫ್ಟ್‌ವೇರುಗಳಲ್ಲಿ ಇದನ್ನು ನಾವಾಗಿ ಆರಿಸಿಕೊಳ್ಳಬೇಕು. ಆರಿಸಿದ ಮೇಲೂ ಪೆಟ್ಟಿಗೆಯಲ್ಲಿ ನಮಗೆ ಓದುವ ಅಧಿಕಾರ ಮಾತ್ರವಿದ್ದು ಬರೆಯುವ ಅಧಿಕಾರವಿಲ್ಲದಿದ್ದರೆ ಒಳಗೆ ಏನೂ ಸೇರದು. ಆದುದರಿಂದ ಒಂದು ಚಿತ್ರವನ್ನು ಬೇರೆ ಕಂಪ್ಯೂಟರಿನಲ್ಲಿ ತೆರೆದು ವಿವರಣೆ ಬಂದಿದೆಯೇ ಎಂದು ಪರೀಕ್ಷಿಸಬೇಕು. ವಾಟ್ಸ್ಆಪಿನಲ್ಲಿ ಸಾಮಾನ್ಯ ಚಿತ್ರವಾಗಿ ಕಳುಹಿಸಿದರೆ ಈ ಒಳಬರಹ ಅಳಿಸಿಹೋಗುವುದರಿಂದ ಡಾಕ್ಯುಮೆಂಟ್ ಆಗಿ ಕಳುಹಿಸಬೇಕು.

ನಮ್ಮ ಗುಂಪಿನ ಸಹಪಾಠಿನಿಯೊಬ್ಬರು ತಮ್ಮ ಕಂಪ್ಯೂಟರಿನಲ್ಲಿ ಈ ಏರ್ಪಾಡನ್ನು ಮೊದಲಿನಿಂದಲೂ ಇಟ್ಟುಕೊಂಡಿದ್ದರು. ಅವರು ಬರೆದ ವಿವರಣೆಗಳೆಲ್ಲ ಚಿತ್ರಗಳೊಳಗೆ ಸುರಕ್ಷಿತವಾಗಿದ್ದವು. ಅರ್ಧದಷ್ಟು ನಮಗೆ ಹಾಗೆ ಮರಳಿ ದೊರಕಿತು.

ಪರೀಕ್ಷೆಯ ಕ್ರಮ

ಮೇಲೆ ಹೇಳಿದುದನ್ನೆಲ್ಲ ನೆನಪಿಗೆ ಅನುಕೂಲವಾಗುವಂತೆ ಹೀಗೆ ಸಂಗ್ರಹಿಸಬಹುದು.

೧. ಚಿತ್ರ ಕಾಣದಿದ್ದರೆ ಮೊದಲು ಏನನ್ನೂ ಅಳಿಸಬಾರದು. ಸಾಫ್ಟ್‌ವೇರು ಕೇಳುವ ಯಾವ ಪ್ರಶ್ನೆಗೂ ಅವಸರದಲ್ಲಿ ಹೌದೆನ್ನಬಾರದು.

೨. ಸಾಫ್ಟ್‌ವೇರನ್ನು ಮುಚ್ಚಿ ಪುಸ್ತಕದ ಪ್ರತಿಯೊಂದನ್ನು ತೆಗೆದಿಡಬೇಕು.

೩. ಫೋಲ್ಡರಿನ ಕಿಟಕಿಯಲ್ಲಿ ಪೆಟ್ಟಿಗೆಯನ್ನು ತೆರೆದು ನೋಡಬೇಕು. ತೆರೆಯದಿದ್ದರೆ ತಂತಿ, ರೂಟರು, ಪೆಟ್ಟಿಗೆ ಈ ಕ್ರಮದಲ್ಲಿ ನೋಡಬೇಕು.

೪. ತೆರೆದರೆ, ಅಕ್ಷರ ಅಥವಾ ವಿಳಾಸ ಬದಲಾಗಿದೆಯೇ ಎಂದು ನೋಡಿ ಹೊಸದನ್ನು ತಿಳಿಸಬೇಕು.

೫. ಕೆಲವೇ ಚಿತ್ರಗಳು ಕಾಣೆಯಾಗಿದ್ದರೆ ಹೆಸರಿನ ತೊಡಕನ್ನು ಶಂಕಿಸಬೇಕು.

೬. ಎಲ್ಲ ಸರಿಹೋದ ಮೇಲೆ ವಿವರಣೆಗಳನ್ನು ಚಿತ್ರದೊಳಗೆ ಬರೆಯಿಸಬೇಕು.

ಮುಕ್ತಾಯ

ಉಳಿದ ಅರ್ಧದ ಮಾತು ಹೇಳಿ ಮುಗಿಸುತ್ತೇನೆ. ರಜೆಯಲ್ಲಿ ಚಿತ್ರಗಳನ್ನು ಮನೆಗೆ ಒಯ್ದು ಒಂದೊಂದನ್ನಾಗಿ ತಂದೆಯವರಿಗೆ ತೋರಿಸಿದೆನು. ಅವರು ಓದು ಬರಹ ಕಲಿತವರಲ್ಲ. ಕಲ್ಲಿಗಿಂತ ಹೆಚ್ಚಾಗಿ ಕಲ್ಲಿನ ಹಿಂದಿನ ಬೇಲಿಯನ್ನೂ ಮಣ್ಣಿನ ಬಣ್ಣವನ್ನೂ ನೋಡಿ, ಇದು ಇಂತಹ ಊರಿನ ಇಂತಹವರ ಹೊಲವೆಂದು ಹೇಳುತ್ತಿದ್ದರು. ಹೀಗೆ ನೂರಾರು ಚಿತ್ರಗಳಿಗೆ ಊರು ಸಿಕ್ಕಿತು. ನಾನು ಮಾಡಿದ್ದನ್ನು ಕೇಳಿ ಅವರು ಆಡಿದ್ದು ಇಷ್ಟೆ: "ನೀರ್ ಬರ್ನಿಲ್ಲ ಅಂದ್ರೆ ಮೊದ್ಲು ತೂಬ್ ನೋಡ್ಕಂಡ್ ಬರ್ಬೇಕು ಕಣ್ಲಾ. ಗದ್ದೆ ಬದ ಕಡ್ದಾಕುದ್ರೆ ನೀರ್ ಬಂದ್ಬುಟ್ಟಾದಾ?"

ಆದರೆ ಊರು ಸಿಕ್ಕಿದರೂ ಕೆಲವು ಮಾತುಗಳು ಸಿಗಲಿಲ್ಲ. ಕಿಕ್ಕೇರಿಯ ಕಡೆಯ ಒಂದು ಹಳ್ಳಿಯಲ್ಲಿ ವೃದ್ಧರೊಬ್ಬರು ತಮ್ಮ ಹೊಲದ ವೀರಗಲ್ಲಿನ ಮುಂದೆ ಕುಳಿತು, ತಾವು ತಮ್ಮ ಅಜ್ಜಿಯಿಂದ ಕೇಳಿದ್ದ ಕಥೆಯನ್ನು ಹೇಳಿದ್ದರು. ಅದನ್ನು ನಾನು ಪುಸ್ತಕದಲ್ಲಿ ಮಾತ್ರ ಬರೆದಿದ್ದೆನು. ಮತ್ತೆ ಕೇಳಲು ಹೋದಾಗ ಅವರು ತೀರಿಕೊಂಡು ಎರಡು ತಿಂಗಳಾಗಿತ್ತು. ಕಲ್ಲಿನ ಚಿತ್ರ ಬಹಳ ಸ್ಪಷ್ಟವಾಗಿದೆ. ದನಗಳನ್ನು ಬಿಡಿಸಲು ಹೋರಾಡಿದವನು ಯಾರು, ಯಾವ ಮನೆಯವನು ಎಂಬುದು ಈಗ ನನಗೆ ಅರೆಬರೆ ನೆನಪಿದೆ. ನೆನಪಿದ್ದಷ್ಟನ್ನು ಚಿತ್ರದೊಳಗೇ ಬರೆದಿಟ್ಟಿದ್ದೇನೆ.

ಗುರುತು ಸಿಗದೆ ಇನ್ನೂ ಇನ್ನೂರಕ್ಕೂ ಹೆಚ್ಚು ಚಿತ್ರಗಳಿವೆ. ಅವುಗಳ ಸಣ್ಣ ಪ್ರತಿಗಳನ್ನು ಮುದ್ರಿಸಿ ಇತಿಹಾಸ ವಿಭಾಗದ ಗೋಡೆಗೆ ಅಂಟಿಸಿದ್ದೇವೆ. ಈ ನಾಲ್ಕು ತಾಲ್ಲೂಕುಗಳ ಹಳ್ಳಿಗಳಿಂದ ಬರುವ ಸಹಪಾಠಿಗಳೂ ಅಧ್ಯಾಪಕರೂ ಒಮ್ಮೆ ಆ ಗೋಡೆಯ ಮುಂದೆ ನಿಂತು, ತಮ್ಮ ಊರಿನ ಕಲ್ಲು ಕಂಡರೆ ಅದರ ಕೆಳಗೆ ಊರಿನ ಹೆಸರನ್ನು ಬರೆದುಹೋಗಬೇಕೆಂದು ಕೇಳಿಕೊಳ್ಳುತ್ತೇನೆ. ಪೆನ್ಸಿಲನ್ನು ದಾರಕ್ಕೆ ಕಟ್ಟಿ ಅಲ್ಲಿಯೇ ತೂಗುಹಾಕಿದೆ.